ಆಲೂಗೆಡ್ಡೆ ಕಾಪಿಡುವ ಕೆಲಸ ಹೊಲದಲ್ಲೇ ಶುರು

ಆಲೂಗೆಡ್ಡೆ ಕೆಡದಂತೆ ಇಡುವುದು ಹೇಗೆ ಎಂಬ ಪ್ರಶ್ನೆ ಹೆಚ್ಚಿನವರಿಗೆ ಹುಟ್ಟುವುದು ಗೆಡ್ಡೆಯನ್ನು ಅಗೆದು ಮನೆಗೆ ತಂದ ಮೇಲೆ. ಅಷ್ಟು ಹೊತ್ತಿಗೆ ಉತ್ತರದ ಅರ್ಧ ಭಾಗ ಹೊಲದಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಬಿತ್ತನೆಗೆ ಎಂಥ ಗಿಡದ ಗೆಡ್ಡೆ ಆರಿಸಿದೆವು, ಬುಡಕ್ಕೆ ಎಷ್ಟು ಮಣ್ಣು ಏರಿಸಿದೆವು, ಹಂಬು ಕತ್ತರಿಸಿದ ಮೇಲೆ ಎಷ್ಟು ದಿನ ಕಾದೆವು, ಅಗೆಯುವ ದಿನ ನೆಲ ಒಣಗಿತ್ತೇ ಹಸಿಯಾಗಿತ್ತೇ ಎಂಬುದೆಲ್ಲ ಸೇರಿಯೇ ಒಂದು ಗೆಡ್ಡೆ ಎರಡು ತಿಂಗಳು ಬಾಳುತ್ತದೆಯೋ ಆರು ತಿಂಗಳು ಬಾಳುತ್ತದೆಯೋ ಎಂಬುದನ್ನು ನಿರ್ಧರಿಸುತ್ತದೆ. ಶೈತ್ಯಾಗಾರದ ಅನುಕೂಲವಿಲ್ಲದೆ ತಲೆಮಾರುಗಟ್ಟಲೆ ಈ ಬೆಳೆಯನ್ನು ಉಳಿಸಿಕೊಂಡು ಬಂದ ಸಣ್ಣ ರೈತರ ಪದ್ಧತಿಗಳನ್ನು ಗಮನಿಸಿದಷ್ಟೂ ನನಗೆ ಸ್ಪಷ್ಟವಾಗುತ್ತಿರುವುದು ಇದೇ. ಅವರಿಗೆ ಬೆಳೆಯುವುದು ಬೇರೆ, ಕಾಪಿಡುವುದು ಬೇರೆ ಆಗಿರಲಿಲ್ಲ. ಈ ಎರಡನ್ನೂ ಒಂದೇ ಕೆಲಸವಾಗಿ ನೋಡಿ ಬರೆಯಬೇಕೆಂದು ಬಹಳ ಕಾಲದಿಂದ ಅನ್ನಿಸುತ್ತಿತ್ತು.

ಮೊದಲಿಗೆ ಗೆಡ್ಡೆ ಎಂದರೆ ಏನು ಎಂಬುದನ್ನು ನೋಡಬೇಕು. ಆಲೂಗೆಡ್ಡೆ ಬೇರಲ್ಲ, ನೆಲದೊಳಗೆ ಉಬ್ಬಿದ ಕಾಂಡ. ಒಂದು ಗೆಡ್ಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಒಂದು ತುದಿಯಲ್ಲಿ ಅದು ತಾಯಿಗಿಡದ ಕವಲಿಗೆ ಅಂಟಿಕೊಂಡಿದ್ದ ಸಣ್ಣ ತೊಟ್ಟಿನ ಗುರುತು ಕಾಣುತ್ತದೆ. ಅದರ ಎದುರು ತುದಿಯಲ್ಲಿ ಕಣ್ಣುಗಳು ಒತ್ತೊತ್ತಾಗಿ ನೆರೆದಿರುತ್ತವೆ. ಪ್ರತಿ ಕಣ್ಣಿನಲ್ಲೂ ಒಂದಕ್ಕಿಂತ ಹೆಚ್ಚು ಮೊಗ್ಗುಗಳಿರುತ್ತವೆ, ಕಣ್ಣಿನ ಮೇಲೆ ಹುಬ್ಬಿನಂತಿರುವ ಗೆರೆ ಉದುರಿಹೋದ ಎಲೆಯ ಗುರುತು. ಮರದ ಕೊಂಬೆಯಲ್ಲಿರುವಂತೆ ಇಲ್ಲಿಯೂ ತುದಿಯ ಮೊಗ್ಗಿಗೇ ಯಜಮಾನಿಕೆ, ಅದು ಮೊಳೆಯುತ್ತಿರುವವರೆಗೆ ಉಳಿದವು ಹಿಂದೆ ನಿಲ್ಲುತ್ತವೆ. ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ನೀರು ತುಂಬಿಕೊಂಡಿರುವ ಈ ಕಾಂಡ ಅಗೆದ ಮೇಲೂ ಉಸಿರಾಡುತ್ತಲೇ ಇರುತ್ತದೆ, ತನ್ನ ಪಿಷ್ಟವನ್ನು ಸ್ವಲ್ಪಸ್ವಲ್ಪವಾಗಿ ಸುಟ್ಟು ಶಾಖವನ್ನೂ ನೀರಾವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಒಣ ಧಾನ್ಯವನ್ನು ಕಣಜಕ್ಕೆ ತುಂಬಿ ಬಾಯಿ ಮುಚ್ಚಿದ ಹಾಗೆ ಇದನ್ನು ಇಡಲು ಸಾಧ್ಯವಿಲ್ಲ. ಜೀವಂತ ವಸ್ತುವನ್ನು ಸಾಯಲೂ ಬಿಡದೆ, ಮೊಳೆಯಲೂ ಬಿಡದೆ ನಿದ್ದೆಯಲ್ಲಿಡುವುದೇ ಇಲ್ಲಿನ ಕಷ್ಟ.

ಬಿತ್ತನೆಯ ಗೆಡ್ಡೆಯ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಒಂದು ಹೆಕ್ಟೇರಿಗೆ ಸುಮಾರು 2ರಿಂದ 2.5 ಟನ್ ಗೆಡ್ಡೆ ಬಿತ್ತನೆಗೆ ಬೇಕು, ಅಂದರೆ ಕಾಲು ಎಕರೆಯಷ್ಟು ಸಣ್ಣ ತುಂಡಿಗೂ 200ರಿಂದ 250 ಕಿಲೋ. ಬೇರೆ ಬೆಳೆಗಳಲ್ಲಿ ಒಂದು ಮುಷ್ಟಿ ಬೀಜ ಒಂದು ಮಡಿಯನ್ನು ತುಂಬಿಸುತ್ತದೆ. ಇಲ್ಲಿ ಬೆಳೆದದ್ದರಲ್ಲಿ ಗಣನೀಯ ಪಾಲನ್ನು ತಿನ್ನದೆ, ಮಾರದೆ ಮತ್ತೆ ನೆಲಕ್ಕೆ ಹಾಕಬೇಕು. ಹಾಗಾಗಿ ದೊಡ್ಡದನ್ನು ಮಾರಿ, ನಡುಗಾತ್ರದ್ದನ್ನು ಮನೆಗೆ ಬಳಸಿ, ಯಾರಿಗೂ ಬೇಡವಾದ ಗೋಲಿ ಗಾತ್ರದ ಗೆಡ್ಡೆಗಳನ್ನು ಬಿತ್ತನೆಗೆ ಉಳಿಸಿಕೊಳ್ಳುವ ರೂಢಿ ಎಷ್ಟೋ ಕಡೆ ಬೇರೂರಿದೆ. ಕಷ್ಟದಲ್ಲಿರುವ ಕುಟುಂಬಕ್ಕೆ ಇದು ಅನಿವಾರ್ಯ ಎಂಬುದು ನನಗೆ ಅರ್ಥವಾಗುತ್ತದೆ, ಆದರೆ ಹಳೆಯದು ಎಂಬ ಕಾರಣಕ್ಕೆ ಇದನ್ನು ಸಮರ್ಥಿಸಲಾರೆ. ನಂಜುರೋಗ, ಅಂದರೆ ವೈರಸ್ ರೋಗ, ತಗುಲಿದ ಗಿಡವೇ ಹೆಚ್ಚಾಗಿ ಸಣ್ಣ ಗೆಡ್ಡೆ ಕೊಡುವುದು. ಎಲೆ ಸುರುಳಿ ನಂಜು ಮತ್ತು ವೈ ನಂಜು ಸಸ್ಯಹೇನುಗಳಿಂದ ಗಿಡದಿಂದ ಗಿಡಕ್ಕೆ ಹರಡಿ, ಗೆಡ್ಡೆಯೊಳಗೆ ಸೇರಿ ಮುಂದಿನ ಬೆಳೆಗೂ ದಾಟುತ್ತವೆ. ರಾಶಿಯಿಂದ ಸಣ್ಣದನ್ನೇ ಆರಿಸುತ್ತ ಹೋದರೆ ರೋಗದ ಗಿಡಗಳ ಸಂತತಿಯನ್ನೇ ನಾವು ಕೈಯಾರೆ ಹೆಚ್ಚಿಸಿದಂತಾಗುತ್ತದೆ. ಕೆಲವೇ ವರ್ಷಗಳಲ್ಲಿ ಅದೇ ತಳಿ, ಅದೇ ಮಣ್ಣು, ಅದೇ ಗೊಬ್ಬರವಿದ್ದರೂ ಇಳುವರಿ ಕುಸಿಯುತ್ತದೆ, ಮತ್ತು ಎಲ್ಲರೂ ನೆಲದ ಸತ್ವ ಹೋಯಿತು ಎಂದು ಬಗೆಯುತ್ತಾರೆ.

ಇದಕ್ಕೆ ಪ್ರತಿಯಾಗಿ ಜಾಣ ರೈತರು ಪಾಲಿಸುತ್ತ ಬಂದ ಕ್ರಮ ಇನ್ನೊಂದಿದೆ. ಬೆಳೆ ಹೂವಿಗೆ ಬರುವ ಹೊತ್ತಿಗೆ, ಗಿಡಗಳೆಲ್ಲ ಇನ್ನೂ ಹಸಿರಾಗಿ ಒಂದರ ಪಕ್ಕ ಒಂದು ಹೋಲಿಸಿ ನೋಡುವಂತಿರುವಾಗ, ಸಾಲುಗಳ ನಡುವೆ ನಿಧಾನವಾಗಿ ನಡೆದು, ಎಲೆ ಸುರುಳದ, ಚುಕ್ಕೆಯಿಲ್ಲದ, ಹಲವು ಗಟ್ಟಿ ಕಾಂಡಗಳುಳ್ಳ ಗಿಡಗಳ ಪಕ್ಕದಲ್ಲಿ ಒಂದೊಂದು ಕಡ್ಡಿ ನೆಡುವುದು. ಒಂದೆರಡು ವಾರ ಬಿಟ್ಟು ಮತ್ತೆ ನೋಡಿ, ಅಷ್ಟರಲ್ಲಿ ಸೊರಗಿದ ಗಿಡಗಳ ಕಡ್ಡಿಯನ್ನು ಕಿತ್ತುಬಿಡುವುದು. ಕೊಯ್ಲಿನಲ್ಲಿ ಕಡ್ಡಿಯಿರುವ ಗಿಡಗಳನ್ನು ಮೊದಲೇ, ಬೇರೆಯಾಗಿ ಅಗೆದು, ಅವುಗಳಲ್ಲಿ ಗೆಡ್ಡೆ ತುಂಬ ಕಡಿಮೆ ಕಟ್ಟಿದ್ದನ್ನು ಬಿಟ್ಟು, ಉಳಿದವುಗಳಿಂದ ಕೋಳಿಮೊಟ್ಟೆ ಗಾತ್ರದ, 30ರಿಂದ 60 ಗ್ರಾಂ ತೂಗುವ ಗೆಡ್ಡೆಗಳನ್ನು ಬಿತ್ತನೆಗೆ ಎತ್ತಿಡುವುದು. ಒಳ್ಳೆಯ ಗಿಡದ ಸಣ್ಣ ಗೆಡ್ಡೆಗೂ ರಾಶಿಯ ಸಣ್ಣ ಗೆಡ್ಡೆಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಆದರೆ ಮುಂದಿನ ಬೆಳೆಯಲ್ಲಿ ಕಾಣುತ್ತದೆ. ಇದಕ್ಕೆ ಹಣ ಬೇಡ, ಯಂತ್ರ ಬೇಡ. ಸಣ್ಣ ಹಿಡುವಳಿಯವರಿಗೆ ಇದಕ್ಕಿಂತ ಲಾಭದ ಕೆಲಸ ಆಲೂಗೆಡ್ಡೆ ಬೇಸಾಯದಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಬೆಟ್ಟಪ್ರದೇಶಗಳಲ್ಲಿ ಬಿತ್ತನೆಯ ಗೆಡ್ಡೆಯನ್ನು ಎತ್ತರದ ಊರುಗಳಿಂದ ತಗ್ಗಿಗೆ ತರುವ ಹಳೆಯ ರೂಢಿಯ ಹಿಂದೆಯೂ ಇದೇ ಕಾರಣವಿದೆ. ಎತ್ತರದ ಚಳಿಗಾಳಿಯಲ್ಲಿ ಸಸ್ಯಹೇನು ಕಡಿಮೆ, ಹಾಗಾಗಿ ನಂಜೂ ಕಡಿಮೆ.

ಗೆಡ್ಡೆ ದೊಡ್ಡದಿದ್ದರೆ ಹೋಳು ಮಾಡಿ ನೆಡುವುದುಂಟು. ಪ್ರತಿ ಹೋಳಿನಲ್ಲೂ ಕನಿಷ್ಠ ಒಂದೆರಡು ಕಣ್ಣು ಮತ್ತು ಸಾಕಷ್ಟು ತಿರುಳು ಇರಬೇಕು, ತುದಿಯ ಕಣ್ಣುಗಳು ಎಲ್ಲ ಹೋಳುಗಳಿಗೂ ಹಂಚಿಕೆಯಾಗುವಂತೆ ಉದ್ದಕ್ಕೆ ಸೀಳುವುದು ಉತ್ತಮ. ಕತ್ತರಿಸಿದ ಮುಖಕ್ಕೆ ಬೂದಿ ಸವರುವ ಪದ್ಧತಿ ಬಹಳ ಕಡೆ ಇದೆ. ಬೂದಿ ಮೇಲಿನ ಪಸೆಯನ್ನು ಹೀರುತ್ತದೆ ನಿಜ, ಆದರೆ ಹೋಳನ್ನು ನಿಜವಾಗಿ ಕಾಯುವುದು ಗೆಡ್ಡೆ ತಾನೇ ಗಾಯದ ಮೇಲೆ ಕಟ್ಟಿಕೊಳ್ಳುವ ಬೆಂಡಿನಂಥ ಪದರ. ನೆರಳಿನಲ್ಲಿ, ಗಾಳಿಯಾಡುವ ಆದರೆ ತೀರ ಒಣಗದ ಜಾಗದಲ್ಲಿ ಕೆಲವು ದಿನ ಇಟ್ಟರೆ ಮಾತ್ರ ಆ ಪದರ ಬೆಳೆಯುತ್ತದೆ. ಬೆಳಿಗ್ಗೆ ಕತ್ತರಿಸಿ, ಬೂದಿ ಹಚ್ಚಿ, ಮಧ್ಯಾಹ್ನ ಹಸಿನೆಲಕ್ಕೆ ಹಾಕಿದರೆ ಕೊಳೆತ ಖಂಡಿತ. ಇನ್ನೊಂದು ಎಚ್ಚರಿಕೆ ಚಾಕುವಿನದು. ದುಂಡಾಣು ಸೊರಗು ರೋಗವಿರುವ ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಸಿಪ್ಪೆಯ ಒಳಬದಿಯಲ್ಲಿರುವ ಕಂದು ಉಂಗುರದಿಂದ ಹಾಲಿನಂಥ ಅಂಟುದ್ರವ ಹನಿಹನಿಯಾಗಿ ಜಿನುಗುತ್ತದೆ. ಅದನ್ನು ಕೊಯ್ದ ಚಾಕುವಿನಲ್ಲೇ ಮುಂದಿನ ಗೆಡ್ಡೆ ಕೊಯ್ದರೆ ರೋಗ ಅದಕ್ಕೂ ಅಂಟಿತು. ಸೊರಗು ರೋಗ ಕಾಣಿಸಿಕೊಂಡ ಸೀಮೆಯಲ್ಲಿ ಇಡೀ ಗೆಡ್ಡೆಯನ್ನೇ ನೆಡಬೇಕು, ಕತ್ತರಿಸುವ ಗೋಜಿಗೇ ಹೋಗಬಾರದು.

ನೆಲದ ವಿಷಯಕ್ಕೆ ಬಂದರೆ, ಆಲೂಗೆಡ್ಡೆಗೆ ಬೇಕಾದದ್ದು ಸಡಿಲವಾದ, ನೀರು ನಿಲ್ಲದ, ಸ್ವಲ್ಪ ಹುಳಿಗುಣದ ಮಣ್ಣು. ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಧಾರಾಳವಾಗಿ ಹಾಕಿ ಮಣ್ಣನ್ನು ಕ್ಷಾರದ ಕಡೆಗೆ ಒಯ್ದರೆ ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ. ಗೊಬ್ಬರ ಚೆನ್ನಾಗಿ ಕಳಿತದ್ದಾಗಿರಬೇಕು, ಹಸಿಗೊಬ್ಬರ ಬೇಡ. ನೀರು ನಿಲ್ಲುವ ನೆಲದಲ್ಲಿ ಈ ಬೆಳೆ ಬೆಳೆಯಬೇಕಾಗಿ ಬಂದ ಜನ ಕಂಡುಕೊಂಡ ಉಪಾಯಗಳು ಮಾತ್ರ ವಿವರವಾಗಿ ಹೇಳುವಂಥವು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ಬಡ ರೈತರು ಹುಲ್ಲು ಬೆಳೆದ ಜೌಗುನೆಲವನ್ನು ಉಳುತ್ತಿರಲಿಲ್ಲ. ಹುಲ್ಲಿನ ಮೇಲೆಯೇ ಒಂದು ಪಟ್ಟಿಯಷ್ಟು ಅಗಲಕ್ಕೆ ಗೊಬ್ಬರವನ್ನೋ ಕಡಲಕಳೆಯನ್ನೋ ಹರಡಿ, ಅದರ ಮೇಲೆ ಗೆಡ್ಡೆಗಳನ್ನಿಟ್ಟು, ಪಟ್ಟಿಯ ಎರಡೂ ಬದಿಯ ಹುಲ್ಲುಹೆಂಟೆಗಳನ್ನು ಸನಿಕೆಯಿಂದ ಕೊಯ್ದು ಒಳಕ್ಕೆ ಮಗುಚಿ ಹಾಕುತ್ತಿದ್ದರು. ಹುಲ್ಲಿಗೆ ಹುಲ್ಲು ಮುಖ ಸೇರಿಸಿದಂತೆ ಮಡಚಿಕೊಂಡ ಆ ಎರಡು ಪದರಗಳ ನಡುವೆ ಗೆಡ್ಡೆ ಬೆಚ್ಚಗೆ ಕೂರುತ್ತಿತ್ತು, ಕೊಳೆಯುತ್ತ ಹೋದ ಹುಲ್ಲು ಗೊಬ್ಬರವಾಗುತ್ತಿತ್ತು, ಬದಿಯಲ್ಲಿ ಮಣ್ಣು ತೆಗೆದ ಜಾಗ ಕಾಲುವೆಯಾಗಿ ನೀರನ್ನು ಹೊರಗೊಯ್ಯುತ್ತಿತ್ತು. ಕಲ್ಲು ತುಂಬಿದ ಇಳಿಜಾರಿನಲ್ಲಿ ನೇಗಿಲು ಹೋಗದ ಕಡೆಯೂ ಇದು ಸಾಧ್ಯವಿತ್ತು. ಆ ಬೆಟ್ಟಗಳಲ್ಲಿ ಹಳೆಯ ಏರಿಗಳ ಗೆರೆಗಳು ಇಂದಿಗೂ ಕಾಣಸಿಗುತ್ತವೆ.

ಆಲೂಗೆಡ್ಡೆಯ ತವರಾದ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ತೊಂದರೆ ನೀರಿಗಿಂತ ಹೆಚ್ಚಾಗಿ ಹಿಮದ್ದು. ಪೆರು ಮತ್ತು ಬೊಲಿವಿಯದ ನಡುವಿನ ಟಿಟಿಕಾಕಾ ಸರೋವರ ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಅದರ ಸುತ್ತಲಿನ ಬಯಲಿನಲ್ಲಿ ಆ ನಾಡನ್ನು ಹಿಂದೆ ಆಳಿದ ಇಂಕಾಗಳಿಗಿಂತ ಹಿಂದಿನ ಕಾಲದಿಂದಲೇ ಎತ್ತರದ ಏರುಮಡಿಗಳನ್ನೂ ಅವುಗಳ ನಡುವೆ ನೀರು ನಿಂತ ಕಾಲುವೆಗಳನ್ನೂ ಕಟ್ಟಿಕೊಂಡಿದ್ದರು. ‘ವರು ವರು’ ಎನ್ನುವ ಈ ವ್ಯವಸ್ಥೆಯಲ್ಲಿ ಕಾಲುವೆಯ ನೀರು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ರಾತ್ರಿ ಆ ಶಾಖವನ್ನು ಮೆಲ್ಲಗೆ ಬಿಡುತ್ತದೆ. ನೆಲಮಟ್ಟದ ಗಾಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುವುದನ್ನು ಅಷ್ಟರಮಟ್ಟಿಗೆ ತಡೆಯುತ್ತದೆ. ಮಳೆ ಹೆಚ್ಚಾದರೆ ಅದೇ ಕಾಲುವೆ ನೀರು ಬಸಿಯಲು, ಕಡಿಮೆಯಾದರೆ ಅದೇ ನೀರು ಹೊಯ್ಯಲು. ಕಾಲುವೆಯ ತಳದಲ್ಲಿ ಕೂತ ಹೂಳನ್ನು ತೆಗೆದು ಮಡಿಯ ಮೇಲೆ ಹಾಕಿದರೆ ಅದೇ ಗೊಬ್ಬರ. ಅಲ್ಲಿಯ ಬೆಟ್ಟದ ಇಳಿಜಾರುಗಳಲ್ಲಿ ಇಂದಿಗೂ ‘ಚಾಕಿಟಾಕ್ಲಾ’ ಎಂಬ ಕಾಲುನೇಗಿಲಿನಿಂದ ಹೆಂಟೆ ಎಬ್ಬಿಸಿ ಆಲೂಗೆಡ್ಡೆ ನೆಡುವವರಿದ್ದಾರೆ. ಊರಿನ ಜಮೀನನ್ನೆಲ್ಲ ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲಿನಲ್ಲಿ ಮಾತ್ರ ಆಲೂಗೆಡ್ಡೆ ಬೆಳೆದು, ಬಳಿಕ ಒಂದೆರಡು ವರ್ಷ ಬೇರೆ ಬೆಳೆ ತೆಗೆದು, ಆಮೇಲೆ ಹಲವು ವರ್ಷ ಆ ನೆಲವನ್ನು ಬೀಳುಬಿಡುವ ಕಟ್ಟಳೆಯೂ ಅಲ್ಲಿನದೇ. ಬೇರಿಗೆ ಕಾಡುವ ಜಂತುಹುಳುಗಳು ಮಣ್ಣಿನಲ್ಲಿ ಕೋಶ ಕಟ್ಟಿಕೊಂಡು ವರ್ಷಗಟ್ಟಲೆ ಕಾಯಬಲ್ಲವು, ಅವುಗಳ ಸಂಖ್ಯೆ ಇಳಿಯಬೇಕಾದರೆ ಇಷ್ಟು ದೀರ್ಘ ಬಿಡುವೇ ಬೇಕು. ಇಷ್ಟು ಬಿಡುವು ಕೊಡಲಾಗದ ಸಣ್ಣ ಹಿಡುವಳಿಯಲ್ಲೂ ಕನಿಷ್ಠ 3 ವರ್ಷ ಅದೇ ತುಂಡಿನಲ್ಲಿ ಆಲೂಗೆಡ್ಡೆಯನ್ನಾಗಲಿ, ಅದರ ದಾಯಾದಿಗಳಾದ ಟೊಮೆಟೊ, ಬದನೆ, ಮೆಣಸಿನಕಾಯಿ, ಹೊಗೆಸೊಪ್ಪನ್ನಾಗಲಿ ಹಾಕದಿರುವುದು ಒಳ್ಳೆಯದು.

ನೆಡುವ ಅಳತೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಸಾಲಿನಿಂದ ಸಾಲಿಗೆ 60ರಿಂದ 75 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20ರಿಂದ 30. ಗೆಡ್ಡೆ ಕಟ್ಟುವುದು ನೆಟ್ಟ ಗೆಡ್ಡೆಯ ಕೆಳಗಲ್ಲ, ಅದರ ಮೇಲೆ ಎದ್ದ ಕಾಂಡದ ಬುಡದಿಂದ ಅಡ್ಡಕ್ಕೆ ಹೊರಡುವ ಬಿಳಿಯ ಕವಲುಗಳ ತುದಿಯಲ್ಲಿ. ಆದ್ದರಿಂದಲೇ ಗಿಡ ಒಂದು ಗೇಣು ಎತ್ತರವಾದಾಗ ಮೊದಲ ಸಲ, ಎರಡು ಮೂರು ವಾರ ಬಿಟ್ಟು ಎರಡನೇ ಸಲ ಬುಡಕ್ಕೆ ಮಣ್ಣು ಏರಿಸಬೇಕು. ಬೋದು ಚೂಪಾಗಿರದೆ ಅಗಲವಾಗಿ, ತಲೆಯ ಕಡೆ ದುಂಡಗಿರಲಿ. ಮಣ್ಣು ಏರಿಸುವುದನ್ನು ಕಳೆ ತೆಗೆಯುವ ಕೆಲಸವೆಂದಷ್ಟೇ ತಿಳಿದವರು ಬಹಳ, ಆದರೆ ಕಾಪಿಡುವ ದೃಷ್ಟಿಯಿಂದ ಇದೇ ಅತಿ ಮುಖ್ಯವಾದ ಘಟ್ಟ. ಬಿಸಿಲಿಗೆ ತೆರೆದುಕೊಂಡ ಗೆಡ್ಡೆ ಹಸಿರಾಗಿ, ಜೊತೆಗೆ ಸೊಲನೈನ್ ಎಂಬ ಕಹಿ ವಿಷವೂ ಅದರಲ್ಲಿ ಹೆಚ್ಚಿ, ತಿನ್ನಲು ಬಾರದಂತಾಗುತ್ತದೆ. ಬೋದು ಬಿರುಕುಬಿಟ್ಟರೆ ಗೆಡ್ಡೆಪತಂಗ ಆ ಬಿರುಕಿನೊಳಗೆ ಇಳಿದು ಕಣ್ಣುಗಳ ಹತ್ತಿರ ಮೊಟ್ಟೆಯಿಡುತ್ತದೆ. ಉಗ್ರಾಣದಲ್ಲಿ ತಿಂಗಳ ನಂತರ ಹೊರಬೀಳುವ ಹುಳು ಹೊಲದಿಂದಲೇ ಒಳಬಂದದ್ದು. ಎಲೆಯ ಮೇಲೆ ಬಿದ್ದ, ಗಿಡ ಗೆಡ್ಡೆ ಎರಡನ್ನೂ ಕೊಳೆಸುವ ಅಂಗಮಾರಿ ರೋಗದ ಬೀಜಕಣಗಳೂ ಮಳೆನೀರಿನೊಂದಿಗೆ ಕೆಳಗಿಳಿದು ಗೆಡ್ಡೆ ಮುಟ್ಟುತ್ತವೆ. ಮೇಲಿನ ಮಣ್ಣು ದಪ್ಪವಾಗಿದ್ದಷ್ಟೂ ಅಲ್ಲಿಗೆ ತಲುಪುವ ಕಣಗಳು ಕಡಿಮೆ.

ಅಂಗಮಾರಿಯ ಹೆಸರೆತ್ತಿದ ಮೇಲೆ 1845ರ ಐರ್ಲೆಂಡನ್ನು ನೆನೆಯದೆ ಮುಂದೆ ಹೋಗಲಾಗದು. ‘ಲಂಪರ್’ ಎಂಬ ಒಂದೇ ತಳಿಯನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದ ಬಡವರ ಬೆಳೆಯನ್ನು ಆ ವರ್ಷ ಬಂದ ಈ ಅಂಗಮಾರಿ ಹಾಳುಮಾಡಿತು, ಮುಂದಿನ ವರ್ಷ ಇನ್ನೂ ಘೋರವಾಗಿ. ಹೊಲದಲ್ಲಿ ಚೆನ್ನಾಗಿ ಕಂಡು ಗುಂಡಿಗೆ ಹಾಕಿದ ಗೆಡ್ಡೆಗಳೂ ಗುಂಡಿಯಲ್ಲೇ ಕೊಳೆತುಹೋದವು. ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಸಾವಿನ ಸಂಖ್ಯೆಗೆ ರೋಗವೊಂದೇ ಕಾರಣವಲ್ಲ, ಆಗಿನ ಆಡಳಿತದ ಮತ್ತು ಜಮೀನ್ದಾರಿಯ ಕ್ರೌರ್ಯವೂ ಕಾರಣ. ಆದರೆ ಬೇಸಾಯಗಾರ ಗಮನಿಸಬೇಕಾದದ್ದು ಆಂಡೀಸಿನ ರೈತನ ಹೊಲ. ಅಲ್ಲಿ ಒಂದೇ ತುಂಡಿನಲ್ಲಿ ಹತ್ತಾರು ತಳಿಗಳು ಬೆರೆತು ಬೆಳೆಯುತ್ತವೆ, ಒಂದಕ್ಕೆ ರೋಗ ಬಂದರೆ ಇನ್ನೊಂದು ಉಳಿಯುತ್ತದೆ, ಒಂದು ಬೇಗ ಮೊಳೆತರೆ ಇನ್ನೊಂದು ತಡವಾಗಿ ಮೊಳೆಯುತ್ತದೆ. ಪೆರುವಿನ ಲಿಮಾ ನಗರದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಇಂಥ ಸಾವಿರಾರು ನಾಡತಳಿಗಳನ್ನು ಕಾಪಾಡಿಕೊಂಡಿದೆ, ಆದರೆ ಅವು ಹುಟ್ಟಿ ಉಳಿದದ್ದು ಸಣ್ಣ ರೈತರ ಹೊಲದಲ್ಲಿ.

ಕೊಯ್ಲಿಗೆ 10ರಿಂದ 15 ದಿನ ಮೊದಲು ಹಂಬನ್ನು ನೆಲಮಟ್ಟಕ್ಕೆ ಕತ್ತರಿಸಿ ಗೆಡ್ಡೆಯನ್ನು ಮಣ್ಣಿನಲ್ಲೇ ಬಿಡುವುದು ಹಳೆಯ ಕ್ರಮ. ಅಂಗಮಾರಿ ತಗುಲಿದ್ದರೆ ಆ ಹಂಬನ್ನು ಹೊಲದಿಂದ ಹೊರಗೆ ಸಾಗಿಸಬೇಕು. ಈ ಕಾಯುವಿಕೆಯಲ್ಲಿ ನಡೆಯುವುದು ಸಿಪ್ಪೆ ಬಲಿಯುವ ಕೆಲಸ. ಒಂದು ಗೆಡ್ಡೆಯನ್ನು ಅಗೆದು, ಮಣ್ಣು ಒರೆಸಿ, ಹೆಬ್ಬೆರಳನ್ನು ಒತ್ತಿ ಪಕ್ಕಕ್ಕೆ ತಿಕ್ಕಿ ನೋಡಿ. ಸಿಪ್ಪೆ ಈರುಳ್ಳಿಯ ಪೊರೆಯಂತೆ ಸರಿದು ಕೆಳಗಿನ ಒದ್ದೆ ತಿರುಳು ಹೊಳೆದರೆ ಇನ್ನೂ ಕಾಯಬೇಕು. ಬೆರಳು ಜಾರಿ, ಸಿಪ್ಪೆ ಅಲ್ಲಾಡದೆ ನಿಂತರೆ ಅಗೆಯಬಹುದು. ಎಳೆಯ ಸಿಪ್ಪೆಯ ಗೆಡ್ಡೆಯಿಂದ ನೀರು ಬಲಿತದ್ದಕ್ಕಿಂತ ಎಷ್ಟೋ ಪಟ್ಟು ಬೇಗ ಆವಿಯಾಗಿ ಹೋಗುತ್ತದೆ, ಕೆಲವೇ ವಾರಗಳಲ್ಲಿ ಅದು ಸುಕ್ಕಾಗುತ್ತದೆ. ಒಳ್ಳೆಯ ದರ ಸಿಗುವಾಗ ಈ ಎರಡು ವಾರ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ತಕ್ಷಣ ಮಾರುವ ಗೆಡ್ಡೆಗೆ ಅದರ ಅಗತ್ಯವೂ ಅಷ್ಟಿಲ್ಲ. ಆದರೆ ಇಟ್ಟುಕೊಳ್ಳುವ ಗೆಡ್ಡೆಗೆ ಇದರಲ್ಲಿ ರಿಯಾಯಿತಿ ಇಲ್ಲ.

ಅಗೆಯುವುದು ಒಣಹವೆಯಲ್ಲಿ, ಗೆಡ್ಡೆ ಸಾಲಿನಿಂದ ಒಂದಿಷ್ಟು ದೂರಕ್ಕೆ ಹಾರೆಯನ್ನೋ ಮುಳ್ಳುಗುದ್ದಲಿಯನ್ನೋ ಇಳಿಸಿ, ಬುಡವನ್ನು ಕೆಳಗಿನಿಂದ ಎತ್ತುವ ಹಾಗೆ. ಬುಟ್ಟಿಗೆ ಎಸೆಯಬಾರದು, ಇಡಬೇಕು. ಮೇಲೆ ಏನೂ ಕಾಣದಿದ್ದರೂ ಪೆಟ್ಟು ಬಿದ್ದ ಜಾಗ ಒಳಗೆ ಕಪ್ಪಾಗಿ, ಕೊಳೆತಕ್ಕೆ ಬಾಗಿಲಾಗುತ್ತದೆ. ಮಣ್ಣು ಅಂಟಿದ್ದರೆ ಒಣಗಿದ ಮೇಲೆ ಕೈಯಿಂದ ಉದುರಿಸಬೇಕೇ ಹೊರತು ತೊಳೆಯಬಾರದು. ಬಿಸಿಲಿನಲ್ಲಿ ಮಣ್ಣು ಆರುವಷ್ಟು ಹೊತ್ತು ಸಾಕು, ನಂತರ ನೆರಳಿಗೆ. ಅಲ್ಲಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕತ್ತಲ ಜಾಗದಲ್ಲಿ, ಗಾಳಿಯಲ್ಲಿ ಒಳ್ಳೆಯ ತೇವವಿರುವಂತೆ ನೋಡಿಕೊಂಡು, ತೆಳ್ಳಗೆ ಹರಡಿ ಹತ್ತು ದಿನದಿಂದ ಎರಡು ವಾರ ಬಿಟ್ಟರೆ ಸಣ್ಣಪುಟ್ಟ ಗಾಯಗಳೆಲ್ಲ ಮಾಯುತ್ತವೆ. ಗೆಡ್ಡೆಯನ್ನು ಒಣಗಿಸಬೇಕು ಎಂದು ತಿಳಿದು ಬಿಸಿ ಒಣಗಾಳಿಗೆ ಒಡ್ಡುವುದು ಸಾಮಾನ್ಯವಾದ ತಪ್ಪು ತಿಳಿವಳಿಕೆ, ಆರಬೇಕಾದದ್ದು ಮೇಲಿನ ಪಸೆಯಷ್ಟೇ. ಗಾಯ ಮಾಯಲು ತೇವವೇ ಬೇಕು. ಈ ಎರಡು ವಾರ ಮುಗಿದ ಮೇಲೆ ರಾಶಿಯನ್ನು ಮತ್ತೊಮ್ಮೆ ಆರಿಸಿದರೆ, ಕೊಳೆಯುವ ಗುಣದವು ಅಷ್ಟರಲ್ಲಿ ತಾವಾಗಿಯೇ ಗುರುತು ತೋರಿಸಿರುತ್ತವೆ.

ಇನ್ನು ಮಣ್ಣು ಮುಚ್ಚಿದ ಗುಪ್ಪೆ. ಚಳಿ ಸೀಮೆಯ ಸಣ್ಣ ರೈತರು ಕಟ್ಟಡವೇ ಇಲ್ಲದೆ ಚಳಿಗಾಲವಿಡೀ ಗೆಡ್ಡೆ ಉಳಿಸಿಕೊಂಡದ್ದು ಇದರಿಂದ. ನೀರು ನಿಲ್ಲದ, ಸ್ವಲ್ಪ ಎತ್ತರದ ಜಾಗದಲ್ಲಿ ಸುಮಾರು ಒಂದರಿಂದ ಒಂದೂವರೆ ಮೀಟರ್ ಅಗಲಕ್ಕೆ, ಬೇಕಾದಷ್ಟು ಉದ್ದಕ್ಕೆ ಒಣಹುಲ್ಲು ಹಾಸಿ, ಅದರ ಮೇಲೆ ಗೆಡ್ಡೆಗಳನ್ನು ಮನೆಯ ಮಾಡಿನ ಆಕಾರದಲ್ಲಿ ಒಂದು ಮೀಟರ್ ಮೀರದ ಎತ್ತರಕ್ಕೆ ಪೇರಿಸುತ್ತಾರೆ. ಮೇಲೆ ಒಂದು ಗೇಣು ದಪ್ಪಕ್ಕೆ ಹುಲ್ಲು ಹೊದಿಸಿ ಕೆಲವು ದಿನ ಹಾಗೆಯೇ ಬಿಡುತ್ತಾರೆ. ಹೊಸ ಗೆಡ್ಡೆ ಆ ದಿನಗಳಲ್ಲಿ ಜೋರಾಗಿ ಉಸಿರಾಡಿ ಬೆವರುತ್ತದೆ, ಆ ಬೆವರು ಹೊರಹೋಗಲಿ ಎಂದು. ಬಳಿಕ ಸುತ್ತಲೂ ಕಾಲುವೆ ತೋಡಿ, ತೆಗೆದ ಮಣ್ಣನ್ನು ಹುಲ್ಲಿನ ಮೇಲೆ ಗೇಣು ದಪ್ಪಕ್ಕೆ ಹೊದಿಸಿ, ಸನಿಕೆಯ ಬೆನ್ನಿನಿಂದ ತಟ್ಟಿ ನುಣುಪು ಮಾಡುತ್ತಾರೆ. ಕಾಲುವೆ ನೀರನ್ನು ದೂರವಿಡುತ್ತದೆ, ನುಣುಪು ಮಳೆಯನ್ನು ಜಾರಿಸುತ್ತದೆ. ಮೇಲಿನ ಏಣಿನಲ್ಲಿ ಅಲ್ಲಲ್ಲಿ ಮಣ್ಣು ಹಾಕದೆ ಹುಲ್ಲಿನ ಸಿವುಡನ್ನು ನೆಟ್ಟಗೆ ನಿಲ್ಲಿಸಿದರೆ ಅದೇ ಹೊಗೆಗೂಡು. ಒಳಗಿನ ಬಿಸಿ, ತೇವದ ಗಾಳಿ ಮೇಲೇರಿ ಅಲ್ಲಿಂದ ಹೊರಬೀಳುತ್ತದೆ.

ಈ ಗುಪ್ಪೆಯಲ್ಲಿ ಹುಲ್ಲಿನ ಪಾತ್ರವನ್ನು ಬೆಚ್ಚಗಿಡುವುದಕ್ಕೆ ಮಾತ್ರ ಸೀಮಿತ ಎಂದುಕೊಳ್ಳಬಾರದು. ರಾಶಿಯ ನಡುವಿನಿಂದ ಮೇಲೆದ್ದ ತೇವದ ಗಾಳಿ ತಣ್ಣಗಿನ ಹೊದಿಕೆಗೆ ತಾಗಿದಾಗ ನೀರಾಗುತ್ತದೆ, ಮಣ್ಣು ನೇರವಾಗಿ ಗೆಡ್ಡೆಯ ಮೇಲಿದ್ದರೆ ಮೇಲಿನ ಪದರವೆಲ್ಲ ಒದ್ದೆಯಾಗಿ ಅಲ್ಲಿಂದಲೇ ಕೊಳೆ ಆರಂಭ. ಹುಲ್ಲು ಆ ಹನಿಗಳನ್ನು ತಾನು ಹೀರಿಕೊಳ್ಳುತ್ತದೆ. ಒಳಮನೆಯ ಮೂಲೆಯಲ್ಲಿ ಗೆಡ್ಡೆ ಹರಡಿದವರೂ ರಾಶಿಯ ಮೇಲೆ ಒಂದು ಪದರ ಒಣಹುಲ್ಲು ಹೊದಿಸಬೇಕಾದದ್ದು ಇದಕ್ಕಾಗಿಯೇ. ಎತ್ತರಕ್ಕೆ ಮಿತಿಯಿರುವುದಕ್ಕೂ ಕಾರಣ ಉಸಿರೇ. ಗಾಳಿ ತಲುಪದ ನಡುಭಾಗದಲ್ಲಿ ಆಮ್ಲಜನಕ ಸಾಲದಾದರೆ ಗೆಡ್ಡೆ ಹೊರಗೆ ಗಟ್ಟಿಮುಟ್ಟಾಗಿ ಕಾಣುತ್ತಿದ್ದರೂ ಕೊಯ್ದಾಗ ನಡುವೆ ಕಪ್ಪು ಮಸಿಯಂಥ ಕಲೆ ಕಾಣುತ್ತದೆ. ಉಸಿರುಕಟ್ಟಿ ಒಳಗೆ ಸತ್ತ ತಿರುಳು ಅದು.

ಸೆಕೆಯ ಸೀಮೆಗಳಲ್ಲಿ ಈ ಗುಪ್ಪೆ ನಡೆಯುವುದಿಲ್ಲ, ಅಲ್ಲಿ ರಾತ್ರಿಯ ತಂಪನ್ನೇ ಹಿಡಿದಿಡಬೇಕು. ದಿಬ್ಬದ ಮಗ್ಗುಲಿಗೆ ಅಗೆದ ನೆಲಮನೆಯಲ್ಲಾಗಲಿ, ದಪ್ಪ ಮಣ್ಣಗೋಡೆಯ ಹುಲ್ಲುಮಾಡಿನ ಕೋಣೆಯಲ್ಲಾಗಲಿ, ಬಿದಿರಿನ ತಟ್ಟೆಯಂಥ ಸಂದುಳ್ಳ ಅಟ್ಟಣಿಗೆಯ ಮೇಲೆ ಗೆಡ್ಡೆ ಹರಡಿ, ಕತ್ತಲಾದ ಮೇಲೆ ಕೆಳಗಿನ ಮತ್ತು ಮೇಲಿನ ಕಿಂಡಿಗಳನ್ನು ತೆರೆದು, ಬಿಸಿಲೇರುವ ಮೊದಲು ಮುಚ್ಚುವುದು ಪದ್ಧತಿ. ಕೆಳಗಿನಿಂದ ಬಂದ ತಂಪುಗಾಳಿ ರಾಶಿಯ ಶಾಖವನ್ನು ಹೊತ್ತು ಮೇಲಿನಿಂದ ಹೊರಟುಹೋಗುತ್ತದೆ. ಹೀಗೆ ಎರಡು ಮೂರು ತಿಂಗಳು, ಅಂದರೆ ಗೆಡ್ಡೆ ಮೊಳೆಯದೆ ಮಲಗಿರುವ ಸಹಜ ಸುಪ್ತಾವಸ್ಥೆ ಇರುವಷ್ಟು ಕಾಲ ಉಳಿಸಬಹುದು. ಅದಕ್ಕಿಂತ ಹೆಚ್ಚನ್ನು ಭರವಸೆ ಕೊಡುವವರ ಮಾತನ್ನು ನಾನು ನಂಬುವುದಿಲ್ಲ. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂಬುದೂ ಪೂರ್ತಿ ನಿಜವಲ್ಲ, 4 ಡಿಗ್ರಿಗಿಂತ ಕೆಳಗಿಳಿದರೆ ಪಿಷ್ಟ ಸಕ್ಕರೆಯಾಗಿ ಗೆಡ್ಡೆ ಸಿಹಿಯಾಗುತ್ತದೆ, ಕರಿದರೆ ಕಂದಾಗುತ್ತದೆ. ಗೆಡ್ಡೆಯನ್ನು ಅಗೆಯದೆ ನೆಲದಲ್ಲೇ ಬಿಟ್ಟು ಬೇಕಾದಾಗ ಕಿತ್ತುಕೊಳ್ಳುವುದು ಎಲ್ಲಕ್ಕಿಂತ ಸುಲಭದ ಸಂಗ್ರಹ, ಆದರೆ ಅದು ತಂಪಾದ, ಒಣಗಿದ ಎತ್ತರದ ನೆಲಕ್ಕೆ ಮಾತ್ರ ಸರಿ.

ಬಿತ್ತನೆಯ ಗೆಡ್ಡೆಗೆ ಈ ಕತ್ತಲು ಬೇಡ. ತಿನ್ನುವ ಗೆಡ್ಡೆಯ ಜೊತೆ ಅದನ್ನೂ ಕತ್ತಲಲ್ಲಿಟ್ಟರೆ ಸುಪ್ತಾವಸ್ಥೆ ಮುಗಿದೊಡನೆ ಉದ್ದನೆಯ, ಬಿಳಿಯ, ಮುಟ್ಟಿದರೆ ಮುರಿಯುವ ಮೊಳಕೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅವುಗಳನ್ನು ಮುರಿದು ಹಾಕಿದಷ್ಟೂ ಗೆಡ್ಡೆಯ ಕಸುವು ಕುಂದುತ್ತದೆ. ನೇರ ಬಿಸಿಲು ಬೀಳದ, ಆದರೆ ಹಗಲಿನ ಬೆಳಕು ಚೆನ್ನಾಗಿ ಹರಡುವ ಜಗಲಿಯಲ್ಲೋ ಮಾಡಿನ ಕೆಳಗೋ ಒಂದೆರಡು ಪದರಕ್ಕಿಂತ ಹೆಚ್ಚಿಲ್ಲದಂತೆ ತಟ್ಟೆಗಳಲ್ಲಿ ಹರಡಿಟ್ಟರೆ, ಅದೇ ಗೆಡ್ಡೆ ಹಸಿರಾಗಿ, ಕುಳ್ಳನೆಯ, ದಪ್ಪನೆಯ, ಬಣ್ಣ ತುಂಬಿದ ಮೊಳಕೆಗಳನ್ನು ಕಟ್ಟುತ್ತದೆ, ಅವು ನೆಡುವಾಗ ಮುರಿಯುವುದಿಲ್ಲ. ಬೆಳಕು ಮೊಳಕೆಯ ಉದ್ದವನ್ನು ತಡೆಯುವುದರಿಂದ ತಿಂಗಳುಗಟ್ಟಲೆ ಇಡಬಹುದು. ರೈತರಲ್ಲಿ ಅಲ್ಲಲ್ಲಿ ಇದ್ದ ಈ ತಿಳಿವಳಿಕೆಯನ್ನು ಲಿಮಾದ ಕೇಂದ್ರದ ವಿಜ್ಞಾನಿಗಳು 1970 ಮತ್ತು 80ರ ದಶಕಗಳಲ್ಲಿ ಪರೀಕ್ಷಿಸಿ ಹಲವು ದೇಶಗಳಿಗೆ ಹರಡಿದರು. ಇದನ್ನು ಕಂಡ ರೈತರು ಅದನ್ನು ಇದ್ದ ಹಾಗೆ ನಕಲು ಮಾಡದೆ ತಮ್ಮ ಮನೆಯ ಸೂರು, ಜಗಲಿಗಳಿಗೆ ಹೊಂದಿಸಿಕೊಂಡರು ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ತುದಿಯ ಒಂದೇ ಮೊಳಕೆ ಮುಂದೋಡಿದ್ದರೆ ಅದೊಂದನ್ನು ಚಿವುಟಿದರೆ ಉಳಿದ ಕಣ್ಣುಗಳೂ ಎಚ್ಚರಗೊಂಡು ಹಲವು ಕಾಂಡಗಳ ಗಿಡ ಸಿಗುತ್ತದೆ. ಹಸಿರಾದ ಈ ಗೆಡ್ಡೆಗಳನ್ನು ಮಾತ್ರ ಯಾವ ಕಾರಣಕ್ಕೂ ಅಡುಗೆಗೆ ಬಳಸಬಾರದು, ದನಕರುಗಳಿಗೂ ಹಾಕಬಾರದು. ಪತಂಗದ ಕಾಟವಿರುವಲ್ಲಿ ತಟ್ಟೆಗಳ ಮೇಲೆ ಕೆಳಗೆ ಒಣಗಿಸಿದ ಲಂಟಾನ ಅಥವಾ ನೀಲಗಿರಿ ಎಲೆಗಳನ್ನು ಹರಡುತ್ತಾರೆ, ಆಂಡೀಸಿನಲ್ಲಿ ‘ಮುನ್ಯ’ ಎಂಬ ಪುದೀನ ಜಾತಿಯ ಸೊಪ್ಪನ್ನು. ಘಾಟು ಇರುವವರೆಗೆ ಇವು ಕೆಲಸ ಮಾಡುತ್ತವೆ, ಆದರೆ ಹೊಲದಿಂದಲೇ ಹುಳು ಹೊತ್ತು ತಂದ ಗೆಡ್ಡೆಯನ್ನು ಯಾವ ಸೊಪ್ಪೂ ಉಳಿಸಲಾರದು.

ಎಲ್ಲ ಪದ್ಧತಿಗಳಿಗಿಂತ ದೀರ್ಘ ಬಾಳಿಕೆಯದು ಆಂಡೀಸಿನ ‘ಚುನ್ಯೋ’. ಗೆಡ್ಡೆಯ ಜೀವವನ್ನು ಉಳಿಸುವ ಹಟವನ್ನೇ ಬಿಟ್ಟು, ನೀರನ್ನೆಲ್ಲ ತೆಗೆದು ಅದನ್ನು ಧಾನ್ಯದಷ್ಟು ಒಣಗಿಸುವ ಕ್ರಮ ಇದು. ಜೂನ್, ಜುಲೈ ತಿಂಗಳಲ್ಲಿ ಅಲ್ಲಿನ ಎತ್ತರದ ಬಯಲುಗಳಲ್ಲಿ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಉರಿಬಿಸಿಲು ಮತ್ತು ಒಣಗಾಳಿ. ಗೆಡ್ಡೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿದರೆ ರಾತ್ರಿ ಅವು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ, ಹಗಲು ಕರಗಿ ಮೆತ್ತಗಾಗುತ್ತವೆ. ಕೆಲವು ರಾತ್ರಿ ಹೀಗಾದ ಮೇಲೆ ಬರಿಗಾಲಿನಲ್ಲಿ ತುಳಿದು ನೀರನ್ನು ಹಿಂಡಿ, ಸಿಪ್ಪೆ ಸಡಿಲಿಸಿ, ಬಿಸಿಲಿಗೆ ಒಣಹಾಕುತ್ತಾರೆ. ‘ಟುಂಟಾ’ ಎಂಬ ಬಿಳಿಯ ಬಗೆಗೆ ಹೆಪ್ಪುಗಟ್ಟಿದ ಗೆಡ್ಡೆಗಳನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟು ಆಮೇಲೆ ಒಣಗಿಸುತ್ತಾರೆ. ಹಿಮವನ್ನು ತಡೆಯುವ ಅಲ್ಲಿನ ಕೆಲವು ತಳಿಗಳು ಹಾಗೆಯೇ ತಿನ್ನಲಾಗದಷ್ಟು ಕಹಿ, ತುಳಿದು ತೊಳೆದಾಗ ಆ ಕಹಿ ವಿಷದ ಬಹುಭಾಗ ನೀರಿನೊಂದಿಗೆ ಹೋಗುತ್ತದೆ. ಬೇರೇನೂ ಬೆಳೆಯದ ಎತ್ತರದಲ್ಲಿ ಬೆಳೆಯುವ ಕಹಿಗೆಡ್ಡೆ ಹೀಗೆ ಆಹಾರವಾಯಿತು. ಇಂಕಾಗಳು ಬೆಟ್ಟದ ಮಗ್ಗುಲಲ್ಲಿ ಗಾಳಿ ಬೀಸುವ ಕಡೆ ಸಾಲುಸಾಲಾಗಿ ಕಟ್ಟಿದ ‘ಕೋಲ್ಕಾ’ ಎಂಬ ಕಲ್ಲಿನ ಉಗ್ರಾಣಗಳಲ್ಲಿ ಇದನ್ನು ತುಂಬಿಡುತ್ತಿದ್ದರು, ಬೆಳೆ ಹೋದ ವರ್ಷ ಜನ, ದಂಡು ಎರಡೂ ಇದರ ಮೇಲೆ ಬದುಕುತ್ತಿದ್ದವು. ಸುಮಾರು 5 ಕಿಲೋ ಗೆಡ್ಡೆಯಿಂದ 1 ಕಿಲೋದಷ್ಟು ಸಿಗುವ ಈ ಹಗುರವಾದ ಒಣಗೆಡ್ಡೆ ತೇವ ತಾಗದಂತೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಅಂಥ ಹವೆ ಇಲ್ಲದ ಕಡೆ ಇದಕ್ಕೆ ಹತ್ತಿರದ ದಾರಿಯೆಂದರೆ ಗೆಡ್ಡೆಯನ್ನು ಅರೆಬೇಯಿಸಿ, ತೆಳ್ಳಗೆ ಹೆಚ್ಚಿ, ಕಡುಬಿಸಿಲಿನಲ್ಲಿ ಕಟಕಟ ಮುರಿಯುವವರೆಗೆ ಒಣಗಿಸುವುದು. ಸಂಗ್ರಹದ ರಾಶಿಯಲ್ಲಿ ಮೊಳಕೆ ಕಾಣಿಸಿಕೊಳ್ಳತೊಡಗಿದ ವಾರದಲ್ಲೇ, ಗೆಡ್ಡೆ ಇನ್ನೂ ಗಟ್ಟಿಯಾಗಿರುವಾಗಲೇ ಇದನ್ನು ಮಾಡಿ ಮುಗಿಸಬೇಕು. ಸುಕ್ಕಾದ ಮೇಲೆ ಮಾಡಿದರೆ ಹೋಳುಗಳು ಕಪ್ಪಾಗುತ್ತವೆ.